ಹೊಲಿಗೆ ಕೋಣೆಗೆ ಮೊದಲು ಕಿಟಕಿ ನೋಡಿ

ಮನೆಯಲ್ಲಿ ಹೊಲಿಗೆಗೆ ಅಂತ ಒಂದು ಕೋಣೆ ಮಾಡಲು ಹೊರಟವರೆಲ್ಲ ಮೊದಲು ಕೇಳುವುದು, ಯಾವ ಮೆಷಿನ್ ತಗೊಳ್ಳಲಿ ಅಂತ. ಮೆಷಿನ್ ಯಾವಾಗ ಬೇಕಾದರೂ ತರಬಹುದು. ಕಿಟಕಿ ಹಾಗಲ್ಲ. ಬೆಳಕು ಧಾರಾಳ ಬೀಳಬೇಕು, ಮಳೆಯ ಎರಚಲು ಹೊಡೆಯಬಾರದು, ಅಂಥ ಕಿಟಕಿ ನಿಮ್ಮ ಮನೆಯಲ್ಲಿ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ.

ನಮ್ಮ ಉಡುಪಿ, ಮಂಗಳೂರು ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮಳೆ ಎರಡೂ ಕಡಲ ಕಡೆಯಿಂದ ಬರುತ್ತವೆ. ಪಶ್ಚಿಮದ ಕಿಟಕಿ ಆ ನಾಲ್ಕು ತಿಂಗಳು ಹೆಚ್ಚುಕಮ್ಮಿ ಮುಚ್ಚಿಯೇ ಇರುತ್ತದೆ. ಅದರ ಪಕ್ಕ ಮೆಷಿನ್ ಇಟ್ಟರೆ ಹಗಲು ಹೊತ್ತಿಗೂ ಲೈಟ್ ಹಾಕಬೇಕು, ಮೇಲಿಂದ ಸಂದಿಯಲ್ಲಿ ನೀರು ಬೇರೆ. ಉತ್ತರದ ಕಿಟಕಿ ಸಿಕ್ಕಿದರೆ ಬಿಡಬೇಡಿ. ಅಲ್ಲಿ ಬೆಳಕು ಇಡೀ ದಿನ ಒಂದೇ ಹದದಲ್ಲಿ ಇರುತ್ತದೆ, ಬಿಸಿಲು ನೇರ ಬಿದ್ದು ಬಟ್ಟೆಯ ಬಣ್ಣ ಹೋಗುವುದೂ ಕಡಿಮೆ. ಇಲ್ಲದಿದ್ದರೆ ಪೂರ್ವದ್ದು. ಬೆಳಕು ನಿಮ್ಮ ಎಡಗಡೆಯಿಂದ ಬರುವ ಹಾಗೆ ಕುಳಿತುಕೊಳ್ಳಿ. ಮೆಷಿನ್‌ನ ಸೂಜಿ ಇರುವುದೇ ಎಡಕ್ಕೆ, ಬಲಗೈಯ ನೆರಳು ಹೊಲಿಗೆಯ ಮೇಲೆ ಬೀಳುವುದಿಲ್ಲ. ರಾತ್ರಿ ಹೊಲಿಯುವವರು ಮೆಷಿನ್ ಮೇಲೆ ಬೇರೆಯೇ ಒಂದು ಎಲ್‌ಇಡಿ ಹಾಕಿಸಿ. ಆದರೆ ನೂಲಿನ ಬಣ್ಣ ಹೊಂದಿಸುವ ಕೆಲಸ ಹಗಲಿನಲ್ಲೇ ಆಗಲಿ. ಟ್ಯೂಬ್‌ಲೈಟಿನಲ್ಲಿ ಕಡು ಮರೂನ್ ಯಾವುದು, ಕಪ್ಪು ಯಾವುದು ಅಂತ ಎಂಥ ಕಣ್ಣಿಗೂ ಗೊತ್ತಾಗುವುದಿಲ್ಲ.

ಹಂಚಿನ ಮನೆಯವರಿಗೆ ಉಪ್ಪರಿಗೆ ಖಾಲಿ ಇರುತ್ತದೆ, ಅಲ್ಲೇ ಮಾಡೋಣ ಅನ್ನಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಂಚಿನ ಕೆಳಗೆ ಮಧ್ಯಾಹ್ನ ಒಮ್ಮೆ ಕೂತು ನೋಡಿ, ಆಮೇಲೆ ತೀರ್ಮಾನ ಮಾಡಿ. ಬೇರೆ ಜಾಗವೇ ಇಲ್ಲ ಅಂದ್ರೆ, ಕತ್ತರಿಸುವ ಮೇಜಿನ ಮೇಲ್ಗಡೆ ಎರಡು ಗಾಜಿನ ಹಂಚು ಕೂರಿಸಿ, ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ಬದಲಾಯಿಸಿ. ಚಾವಡಿಯ ಒಂದು ಮೂಲೆ ಸಿಕ್ಕಿದರೆ ಅದು ಎಷ್ಟೋ ಮೇಲು. ಫ್ಲ್ಯಾಟಿನವರು ಮಲಗುವ ಕೋಣೆಯ ಒಂದು ಗೋಡೆಯನ್ನೇ ಹೊಲಿಗೆಗೆ ಬಿಟ್ಟುಕೊಟ್ಟರೂ ಸಾಕು.

ಇನ್ನು ಮೇಜು. ಮೆಷಿನ್‌ಗೆ ಸಾವಿರಗಟ್ಟಲೆ ಸುರಿಯುವವರು ಕತ್ತರಿಸುವುದಕ್ಕೆ ಮಾತ್ರ ನೆಲದ ಮೇಲೆ ಕೂರುತ್ತಾರೆ. ಚಿಕ್ಕ ಪ್ರಾಯದಲ್ಲಿ ನಡೆಯುತ್ತದೆ. ನನ್ನ ಪ್ರಾಯಕ್ಕೆ ಬಂದಾಗ ಮೊಣಕಾಲು ಲೆಕ್ಕ ಕೇಳುತ್ತದೆ. ಮರದ ಕೆಲಸದ ಆಚಾರಿಯವರಿಗೆ ಹೇಳಿದರೆ "ಅಮ್ಮ, ಟೇಬಲ್ ಅಂದ್ರೆ ಮೂವತ್ತು ಇಂಚು ಅಲ್ವಾ" ಅಂತಾರೆ. ಅದು ಕೂತು ಊಟ ಮಾಡುವ ಎತ್ತರ. "ಇದು ನಿಂತು ಮಾಡುವ ಕೆಲಸ ಆಚಾರ್ರೇ" ಅಂತ ಹೇಳಿ, ಅವರ ಎದುರೇ ಮೊಣಕೈ ಮಡಚಿ ನಿಲ್ಲಿ. ಮೊಣಕೈಗಿಂತ ನಾಲ್ಕೈದು ಇಂಚು ಕೆಳಗೆ ಮೇಜು ಬರಬೇಕು. ನಮ್ಮ ಹೆಂಗಸರಿಗೆ ಅದು ಸುಮಾರು 34ರಿಂದ 36 ಇಂಚು ಆಗುತ್ತದೆ. ಅಗಲ 30 ಇಂಚು ಸಾಕು, ಯಾಕೆಂದರೆ 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯನ್ನು ನಡುವೆ ಮಡಚಿದರೆ 22 ಇಂಚು. ಉದ್ದ ಐದು ಅಡಿ ಇದ್ದರೆ ನೈಟಿಯೂ ಆರಾಮದಲ್ಲಿ ಹಾಸುತ್ತದೆ. ಹೊಸದು ಮಾಡಿಸಲು ಮನಸ್ಸಿಲ್ಲ ಅಂದ್ರೆ ಹಳೆ ಊಟದ ಮೇಜಿನ ನಾಲ್ಕು ಕಾಲಿಗೂ ಒಂದೇ ಅಳತೆಯ ಮರದ ತುಂಡು ಕೊಡಿ. ತುಂಡಿನಲ್ಲಿ ಕಾಲು ಕೂರುವಷ್ಟು ಗುಳಿ ತೆಗೆಸಿ, ಇಲ್ಲದಿದ್ದರೆ ಮೇಜು ಜಾರುತ್ತದೆ.

ಮರದ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ಪುಡಿ ಅಂಟಿಸಿ ಮಾಡಿದ ಬೋರ್ಡಿನ ಕಪಾಟು ನೋಡಲಿಕ್ಕೆ ಚಂದ, ಅಗ್ಗವೂ ಹೌದು. ನಮ್ಮ ಊರಿನ ತೇವಕ್ಕೆ ಅದರ ಅಂಚು ಊದಿಕೊಂಡು ಬಾಗಿಲು ಮುಚ್ಚದ ಹಾಗೆ ಆಗುತ್ತದೆ. ಪ್ಲೈವುಡ್ ಹಾಕಿಸುವುದಾದರೆ ನೀರು ತಡೆಯುವ ಮರೀನ್ ಪ್ಲೈ ಕೇಳಿ, ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇರುತ್ತದೆ. ಮನೆಯಲ್ಲಿ ಹಲಸಿನ ಹಲಗೆ ಬಿದ್ದಿದ್ದರೆ ಅದರ ಮುಂದೆ ಇದು ಯಾವುದೂ ಇಲ್ಲ. ಯಾವುದೇ ಆಗಲಿ, ಗೋಡೆಗೆ ತಾಗಿಸಬೇಡಿ. ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿದು ನಿಂತಿರುತ್ತದೆ. ಎರಡು ಮೂರು ಇಂಚು ಬಿಟ್ಟರೆ ಗಾಳಿಯೂ ಆಡುತ್ತದೆ, ಗೆದ್ದಲು ಹತ್ತಿದರೆ ಕಣ್ಣಿಗೂ ಬೀಳುತ್ತದೆ.

ಮೇಜು, ಮೆಷಿನ್, ಇಸ್ತ್ರಿ ಈ ಮೂರೂ ಹತ್ತಿರ ಹತ್ತಿರ ಇರಲಿ. ಒಂದು ಹೊಲಿಗೆ ಹಾಕಿದ ಕೂಡಲೇ ಅದನ್ನು ಬಿಡಿಸಿ ಇಸ್ತ್ರಿ ಎಳೆದರೆ ರವಿಕೆಯ ಕೂಡಿಕೆ ದರ್ಜಿ ಹೊಲಿದ ಹಾಗೆ ಕೂರುತ್ತದೆ. ಇಸ್ತ್ರಿಗೆ ಆಚೆ ಕೋಣೆಗೆ ಹೋಗಬೇಕಾದರೆ ಯಾರೂ ಹೋಗುವುದಿಲ್ಲ, ಕೊನೆಗೆ ನೋಡೋಣ ಅಂತ ಬಿಡುತ್ತಾರೆ. ವಯರಿಂಗ್ ಮಾಡಿಸುವಾಗಲೇ ಇಸ್ತ್ರಿಗೆ ಬೇರೆ ಪಾಯಿಂಟ್ ಕೊಡಿಸಿ. 1000 ವ್ಯಾಟಿನ ಸಾದಾ ಇಸ್ತ್ರಿ 6 ಆಂಪಿಯರ್ ಪಾಯಿಂಟಿನಲ್ಲಿ ನಡೆಯುತ್ತದೆ, 1500 ದಾಟಿದ ಸ್ಟೀಮ್ ಇಸ್ತ್ರಿಗೆ 16 ಆಂಪಿಯರ್‌ದೇ ಬೇಕು. ಅರ್ಥಿಂಗ್ ಸರಿ ಇದೆಯಾ ಅಂತ ನೋಡಿಸಿ, ಒದ್ದೆ ಕೈ ಒದ್ದೆ ನೆಲದ ಕಾಲ ನಮ್ಮಲ್ಲಿ ಜಾಸ್ತಿ. ಫ್ಯಾನ್ ಕತ್ತರಿಸುವ ಮೇಜಿನ ನೇರ ಮೇಲೆ ಬೇಡ, ಪೇಪರ್ ಅಚ್ಚು ಎಲ್ಲ ಹಾರುತ್ತದೆ.

ಕಾಲು ಮೆಷಿನ್ ಇದ್ದವರು ದಯವಿಟ್ಟು ಗುಜರಿಗೆ ಹಾಕಬೇಡಿ. ಗಾಳಿಗೆ ತೆಂಗಿನ ಗರಿ ಲೈನ್ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಮೋಟಾರ್ ಕೂರಿಸಿದರೂ ಪೆಡಲ್ ಮತ್ತು ಬೆಲ್ಟ್ ಹಾಗೇ ಇರಲಿ. ಚರ್ಮದ ಬೆಲ್ಟ್ ತೇವಕ್ಕೆ ಸಡಿಲಾಗುತ್ತದೆ, ಮೆಷಿನ್ ಕೆಟ್ಟಿತು ಅಂತ ಗಾಬರಿ ಬೇಡ. ಸ್ವಲ್ಪ ಕತ್ತರಿಸಿ ಕ್ಲಿಪ್ ಮತ್ತೆ ಹಾಕಿದರೆ ಸರಿ. ಕಂಪ್ಯೂಟರ್ ಬೋರ್ಡ್ ಇರುವ ಹೊಸ ಮೆಷಿನ್‌ನ ಪ್ಲಗ್ಗನ್ನು ಮಾತ್ರ ಸಿಡಿಲಿನ ಹೊತ್ತಿಗೆ ಕಿತ್ತಿಡಿ.

ಎಣ್ಣೆಯ ಮಾತು ಹೇಳದಿದ್ದರೆ ಆಗುವುದಿಲ್ಲ. ನಮ್ಮಲ್ಲಿ ತಲೆಗೂ ತೆಂಗಿನೆಣ್ಣೆ, ಬಾಗಿಲಿನ ಬಿಜಾಗ್ರಿಗೂ ತೆಂಗಿನೆಣ್ಣೆ, ಹಾಗಾಗಿ ಮೆಷಿನ್‌ಗೂ ಅದೇ. ನೆರೆಮನೆಯ ಸೊಸೆ ಒಮ್ಮೆ ಕರೆದಳು, ಚಕ್ರ ತಿರುಗುವುದೇ ಇಲ್ಲ ಅಂತ. ಎಡಗಡೆಯ ತಗಡು ಬಿಚ್ಚಿ ನೋಡಿದರೆ ಸೂಜಿ ಕಡ್ಡಿಯ ಸುತ್ತ ಬೆಲ್ಲದ ಪಾಕದ ಹಾಗೆ ಕಂದು ಅಂಟು, ಅದರಲ್ಲಿ ನೂಲಿನ ಎಳೆ, ಧೂಳು, ಒಂದು ಸತ್ತ ಇರುವೆ. ಎಣ್ಣೆ ತೂತುಗಳಿಗೆಲ್ಲ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು, ನೂಲು ಹಾಕದೆ ಚಕ್ರವನ್ನು ಕೈಯಲ್ಲೇ ಮುಂದೆ ಹಿಂದೆ ಆಡಿಸಿದೆವು. ಅಂಟು ಕರಗಿ ಕೆಳಗೆ ಇಳಿಯಿತು. ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು, ಆಮೇಲೆ ಮೆಷಿನ್ ಎಣ್ಣೆ ಹಾಕಿದ ಮೇಲೆ ಚಕ್ರ ಒಂದು ಬೆರಳಿಗೆ ತಿರುಗಿತು. ಇದು ಕಬ್ಬಿಣದ ಕಪ್ಪು ಮೆಷಿನ್‌ಗೆ ಹೇಳಿದ್ದು. ಮೋಟಾರ್ ಇದ್ದರೆ ಪ್ಲಗ್ ಕಿತ್ತು ಮೋಟಾರ್ ಬಿಚ್ಚಿಟ್ಟೇ ಈ ಕೆಲಸ. ಪ್ಲಾಸ್ಟಿಕ್ ಮೈಯ ಮೆಷಿನ್‌ಗೆ ಸೀಮೆಎಣ್ಣೆ ಬೇಡ, ಅದರ ಜೊತೆ ಬಂದ ಪುಸ್ತಕ ನೋಡಿ. ಎಣ್ಣೆ ಹಾಕಿದ ದಿನ ಮೊದಲು ಚಿಂದಿ ಬಟ್ಟೆಯ ಮೇಲೆ ನಾಲ್ಕು ಗೆರೆ ಹೊಲಿಯಿರಿ, ಇಲ್ಲದಿದ್ದರೆ ಯಾರದ್ದೋ ರೇಷ್ಮೆ ರವಿಕೆಗೆ ಕಲೆ.

ಮಳೆಗಾಲದಲ್ಲಿ ಮೆಷಿನ್‌ಗೆ ಪ್ಲಾಸ್ಟಿಕ್ ಹೊದೆಸುವವರು ತುಂಬಾ ಜನ. ಒಳಗೆ ತೇವ ಕೂತು ತುಕ್ಕು ಹಿಡಿಯಲು ಅದೇ ದಾರಿ. ಹಳೆ ಸೀರೆಯಿಂದ ಒಂದು ಮುಸುಕು ಹೊಲಿದು ಹಾಕಿ. ಹೊಲಿಗೆ ಇಲ್ಲದಿದ್ದರೂ ವಾರಕ್ಕೊಮ್ಮೆ ಮೆಷಿನ್ ಓಡಿಸಿ, ಬಾಬಿನ್ ಕೇಸ್ (ಕೆಳಗಿನ ನೂಲಿನ ಉರುಳೆ ಕೂರುವ ಚಿಕ್ಕ ಡಬ್ಬಿ) ಹೊರಗೆ ತೆಗೆದು ಒರೆಸಿ ಇಡಿ. ಸೂಜಿಗಳನ್ನು ಮೆಷಿನ್ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಟ್ಟರೆ ತುಕ್ಕು ಬರುವುದಿಲ್ಲ. ತೆಳು ರೇಷ್ಮೆಗೆ 11, ದಿನನಿತ್ಯದ ಹತ್ತಿಗೆ 14, ದಪ್ಪ ಬಟ್ಟೆಗೆ 16, ಇಷ್ಟು ನಂಬರಿನವು ಮನೆಯಲ್ಲಿದ್ದರೆ ಧಾರಾಳ.

ಬಟ್ಟೆ ಇಡುವ ಕಪಾಟಿಗೆ ಗೆರಟೆ ಮಸಿ, ಅಂದರೆ ತೆಂಗಿನ ಚಿಪ್ಪಿನ ಇದ್ದಿಲು, ತುಂಬಿದ ಚಿಕ್ಕ ಚೀಲ ಇಡುವುದು ನನ್ನ ಅಭ್ಯಾಸ. ಬಿಸಿಲು ಕಂಡ ದಿನ ಚೀಲವನ್ನು ಅಂಗಳದಲ್ಲಿ ಒಣಗಿಸಿ ಮತ್ತೆ ಒಳಗಿಟ್ಟರೆ ಆಯಿತು. ಗಂಜಿ ಹಾಕಿದ ಬಟ್ಟೆಯನ್ನು ಮಾತ್ರ ಹಾಗೇ ಮಡಚಿ ಇಡಬೇಡಿ. ಕುಚ್ಚಲಕ್ಕಿಯ ತಿಳಿ ನಮಗಿಂತ ಜಿರಳೆಗೆ ಪ್ರೀತಿ. ಒಗೆದು ಗಂಜಿ ಪೂರ್ತಿ ಬಿಡಿಸಿ ಇಡಿ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಯಲ್ಲಿ ಕಟ್ಟಿ, ಜರಿಗೆ ತಾಗದ ಹಾಗೆ ಮೂಲೆಯಲ್ಲಿಡಿ. ಇಸ್ತ್ರಿ ಮಾಡಿದ ಬಟ್ಟೆ ಬಿಸಿ ಆರುವ ಮುಂಚೆ ಕಪಾಟಿಗೆ ಹೋದರೆ ಮಡಿಕೆಯಲ್ಲಿ ಕರಿ ಚುಕ್ಕೆ ಏಳುತ್ತದೆ, ಆ ಚುಕ್ಕೆ ಯಾವ ಸೋಪಿಗೂ ಹೋಗುವುದಿಲ್ಲ. ಲೈನಿಂಗ್ ಬಟ್ಟೆಯನ್ನು ಬೇಸಗೆಯಲ್ಲೇ ತಂದು, ನೆನೆಸಿ, ಒಣಗಿಸಿ ಇಟ್ಟುಕೊಳ್ಳಿ. ಜುಲೈಯಲ್ಲಿ ನೆನೆಸಿದರೆ ಒಣಗುವುದು ಯಾವಾಗ?

ಗುಬ್ಬಿ (ಅಂಗಿಯ ಗುಂಡಿ), ಹುಕ್ಕು, ಪ್ರೆಸ್ ಬಟನ್ ಎಲ್ಲ ಗಾಜಿನ ಬಾಟ್ಲಿಯಲ್ಲಿ ಹಾಕಿ, ಮುಚ್ಚಳ ಪ್ಲಾಸ್ಟಿಕ್‌ದಿರಲಿ. ಹುಕ್ಕು ತುಕ್ಕು ಹಿಡಿದರೆ ಬಿಳಿ ರವಿಕೆಯ ಮುಂಭಾಗ ಹಾಳು. ಹತ್ತಿಯ ಬಿಳಿ ಬಟ್ಟೆಯಾದರೆ ಲಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆದರೆ ಕಲೆ ಹೋಗುತ್ತದೆ, ಬಣ್ಣದ್ದಕ್ಕೆ ಇದನ್ನು ಮಾಡಬೇಡಿ. ದೊಡ್ಡ ಕತ್ತರಿಗೆ ಒಂದು ಕೆಂಪು ದಾರ ಕಟ್ಟಿ, ಅದು ಬಟ್ಟೆಗೆ ಮಾತ್ರ ಅಂತ ಮನೆಮಂದಿಗೆಲ್ಲ ಹೇಳಿ. ಮೊಮ್ಮಕ್ಕಳ ಕೈಗೆ ಸಿಕ್ಕಿ ಡ್ರಾಯಿಂಗ್ ಪೇಪರ್ ಕತ್ತರಿಸಿದರೆ ಅದರ ಹರಿತ ಹೋಯಿತು ಅಂತಲೇ ಲೆಕ್ಕ. ಗುಂಡುಸೂಜಿ ಬಿದ್ದರೆ ಕಾವಿ ನೆಲದಲ್ಲಿ ಹುಡುಕುವುದು ಕಷ್ಟ, ಕೋಲಿನ ತುದಿಗೆ ಒಂದು ಅಯಸ್ಕಾಂತ ಕಟ್ಟಿಡಿ.

ಮೆಕ್ಯಾನಿಕ್‌ರನ್ನು ಕರೆಸಲು ತುಳುವರ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಒಳ್ಳೆಯದು. ಮದುವೆ, ಗೃಹಪ್ರವೇಶ ಏನೂ ಇರುವುದಿಲ್ಲ, ರವಿಕೆ ಹಿಡಿದುಕೊಂಡು ಬರುವವರೂ ಕಡಿಮೆ. ಚೌತಿ ಹತ್ತಿರ ಬಂದ ಮೇಲೆ ಕರೆದರೆ ಅವರು ಫೋನ್ ಕೂಡ ಎತ್ತುವುದಿಲ್ಲ.