ಮುಖ್ಯ ಮಾತು ಕೊನೆಯ ಸ್ಲೈಡಿಗೆ ಉಳಿಯದಿರಲಿ: ಆಫೀಸಿನಲ್ಲಿ ಪ್ರೆಸೆಂಟೇಶನ್ ಕೊಡುವುದು ಹೇಗೆ?

ಕೆಲವು ವರ್ಷಗಳ ಹಿಂದೆ 20 ನಿಮಿಷ ಮಾತಾಡಲು ತಯಾರಾಗಿ ಒಂದು ಮೀಟಿಂಗಿಗೆ ಹೋಗಿದ್ದೆ. ನನಗಿಂತ ಮುಂಚಿನವರ ಮಾತು ಎಳೆದೂ ಎಳೆದೂ ನನಗೆ ಸಿಕ್ಕಿದ್ದು 8 ನಿಮಿಷ. 22 ಸ್ಲೈಡ್‌ಗಳಲ್ಲಿ ಆರನೆಯದಕ್ಕೆ ಬರುವಷ್ಟರಲ್ಲಿ, ಒಪ್ಪಿಗೆ ಕೊಡಬೇಕಾದವರು ಇನ್ನೊಂದು ಮೀಟಿಂಗಿಗೆ ಎದ್ದು ಹೋದರು. ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ನಮ್ಮ ಟೀಮಿಗೆ ಇನ್ನಿಬ್ಬರು ಬೇಕು ಅನ್ನುವುದಷ್ಟೇ ನನ್ನ ಬೇಡಿಕೆ. ಅದು ಇಪ್ಪತ್ತನೇ ಸ್ಲೈಡಿನಲ್ಲೇ ಉಳಿದುಹೋಯಿತು. ಅವತ್ತಿನಿಂದ ನಾನು ತಯಾರಿಯ ಕ್ರಮವನ್ನೇ ಬದಲಿಸಿಕೊಂಡೆ.

ಮೊದಲು ಒಂದು ವಾಕ್ಯ, ಆಮೇಲೆ ಲ್ಯಾಪ್‌ಟಾಪ್

ಪಿಪಿಟಿ ಮಾಡಬೇಕು ಅಂದ ಕೂಡಲೇ ನಾವು ಹಳೆಯ ಫೈಲ್ ತೆಗೆದು, ಹೆಸರು ಬದಲಿಸಿ, ಒಂದೊಂದೇ ಸ್ಲೈಡ್ ತುಂಬಲು ಶುರು ಮಾಡುತ್ತೇವೆ. ತಪ್ಪು ಶುರುವಾಗುವುದು ಇಲ್ಲೇ. ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯಾರು ಕೇಳುತ್ತಾರೆ, ಕೇಳಿದ ಮೇಲೆ ಅವರು ಏನು ಮಾಡಬೇಕು, ಎರಡನ್ನೂ ಒಂದೇ ವಾಕ್ಯದಲ್ಲಿ ಬರೆಯಿರಿ. ‘ದೂರುಗಳ ಸ್ಥಿತಿಗತಿ ಬಗ್ಗೆ ಮಾತಾಡುತ್ತೇನೆ’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ದೂರುಗಳಿಗೆ ಉತ್ತರ ಕೊಡುವುದು ತಡವಾಗುತ್ತಿದೆ, ಇನ್ನಿಬ್ಬರನ್ನು ತೆಗೆದುಕೊಳ್ಳಲು ಒಪ್ಪಿಗೆ ಕೊಡಿ’ ಅಂದರೆ ಕೇಳುವವರಿಗೆ ಕೆಲಸ ಸಿಕ್ಕಿತು.

ಈ ವಾಕ್ಯವನ್ನು ಮೊದಲ ನಿಮಿಷದಲ್ಲೇ ಹೇಳಿಬಿಡಿ. ಹಿನ್ನೆಲೆ, ಅಂಕಿಅಂಶ, ಕಾರಣ ಎಲ್ಲ ಹೇಳಿ ಕೊನೆಗೆ ವಿಷಯಕ್ಕೆ ಬರೋಣ ಅನ್ನಿಸುವುದು ಸಹಜ. ಆದರೆ ನಿಮಗೆ ಏನು ಬೇಕು ಅಂತ ಗೊತ್ತಿಲ್ಲದೆ ಕೂತವರಿಗೆ ಯಾವ ಅಂಕಿ ಮುಖ್ಯ ಅಂತ ತಿಳಿಯುವುದಾದರೂ ಹೇಗೆ? ಮೊದಲೇ ಹೇಳಿದರೆ, ಸಮಯ ಅರ್ಧಕ್ಕೆ ಇಳಿದರೂ ನಿಮ್ಮ ಮಾತು ಅವರಿಗೆ ಮುಟ್ಟಿರುತ್ತದೆ.

ತಲೆಬರಹದಲ್ಲೇ ವಿಷಯ ಇರಲಿ

ಸ್ಲೈಡಿನ ತಲೆಬರಹವನ್ನು ನಾವು ಜಾಸ್ತಿ ಯೋಚಿಸದೆ ಬರೆಯುತ್ತೇವೆ. ಅದು ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ನೋವಿನ ಉದಾಹರಣೆ ಇದೆ. 2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರುವಾಗ, ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ಅದರ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿದ್ದಾಗಲೇ ಬೋಯಿಂಗ್ ಎಂಜಿನಿಯರ್‌ಗಳು ಅಪಾಯವನ್ನು ಲೆಕ್ಕ ಹಾಕಿ ನಾಸಾ ಅಧಿಕಾರಿಗಳಿಗೆ ಸ್ಲೈಡ್‌ಗಳಲ್ಲಿ ತೋರಿಸಿದರು. ಅದರಲ್ಲೊಂದು ಸ್ಲೈಡಿನ ತಲೆಬರಹ ಓದಿದರೆ ಗಾಬರಿಪಡುವಂಥದ್ದೇನೂ ಇಲ್ಲ ಅನ್ನಿಸುತ್ತಿತ್ತು. ಬುಲೆಟ್ ಪಾಯಿಂಟ್‌ಗಳ ಒಳಗೊಳಗೆ, ತೀರಾ ಕೆಳಗಿನ ಸಾಲಿನಲ್ಲಿ ನಿಜವಾದ ಸಂಗತಿ ಇತ್ತು. ಹಿಂದೆ ಪರೀಕ್ಷೆಗೆ ಬಳಸಿದ್ದ ತುಂಡು 3 ಘನ ಇಂಚಿನದು. ಈಗ ಬಡಿದಿದ್ದರ ಅಂದಾಜು 1920 ಘನ ಇಂಚು. ಅಂದರೆ 640 ಪಟ್ಟು ದೊಡ್ಡದು. ಫೆಬ್ರುವರಿ 1ರಂದು ವಾಪಸ್ ಬರುವಾಗ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು.

ದುರಂತಕ್ಕೆ ಬೇರೆ ಬೇರೆ ಕಾರಣಗಳಿದ್ದವು, ಒಂದು ಸ್ಲೈಡಿನ ತಲೆಗೆ ಎಲ್ಲವನ್ನೂ ಕಟ್ಟಲಾಗದು. ಆದರೆ ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ತನಿಖಾ ವರದಿಯೇ ಈ ಸ್ಲೈಡನ್ನು ಎತ್ತಿ ತೋರಿಸಿತು. ದೊಡ್ಡವರು ಇದನ್ನು ಓದಿದರೂ, ಜೀವಕ್ಕೆ ಅಪಾಯವಿದೆ ಅನ್ನುವುದು ಅವರಿಗೆ ಹೊಳೆಯದೇ ಹೋಗಿರಬಹುದು ಎಂದಿತು.

ಹಾಗಾಗಿ ತಲೆಬರಹ ಪೂರ್ತಿ ವಾಕ್ಯವಾಗಿರಲಿ. ‘ದೂರುಗಳ ವಿವರ’ ಅನ್ನುವ ಬದಲು ‘10 ದೂರುಗಳಲ್ಲಿ 4ಕ್ಕೆ ಉತ್ತರ ಹೋಗಲು ಎರಡು ದಿನ ದಾಟುತ್ತಿದೆ’ ಅಂತ ಬರೆಯಿರಿ. ಎಲ್ಲ ಮುಗಿದ ಮೇಲೆ ಬರೀ ತಲೆಬರಹಗಳನ್ನು ಒಂದಾದ ಮೇಲೊಂದು ಓದಿ. ಅಷ್ಟರಿಂದಲೇ ಕಥೆ ಅರ್ಥವಾಗಬೇಕು. ಆಗದಿದ್ದರೆ ಇನ್ನೂ ಕೆಲಸ ಬಾಕಿ ಇದೆ.

ಪರದೆಯನ್ನು ಓದಬೇಡಿ

ಪರದೆ ತುಂಬ ಅಕ್ಷರ ಇದ್ದರೆ ಜನ ಓದುತ್ತಾರೆ. ಓದುವಾಗ ನಿಮ್ಮ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಸಿನಿಮಾದಲ್ಲಿ ಸಬ್‌ಟೈಟಲ್ ಒಂದು ಹೇಳಿ ಪಾತ್ರ ಇನ್ನೊಂದು ಹೇಳಿದರೆ ಹೇಗಿರುತ್ತೆ, ಹಾಗೆ. ಸ್ಲೈಡಿನಲ್ಲಿ ಒಂದು ಚಾರ್ಟ್, ಎರಡು ಸಂಖ್ಯೆ ಇದ್ದರೆ ಸಾಕು. ಉಳಿದದ್ದನ್ನು ಬಾಯಲ್ಲಿ ಹೇಳಿ. ವಿವರ ಬೇಕಾದವರಿಗೆ ಬೇರೆ ಡಾಕ್ಯುಮೆಂಟ್ ಮಾಡಿ ಕಳಿಸಿ.

ಎಕ್ಸೆಲ್ ಶೀಟನ್ನು ಇಡಿಯಾಗಿ ತಂದು ಅಂಟಿಸುವುದಂತೂ ಬೇಡವೇ ಬೇಡ. ‘ಹಿಂದೆ ಕೂತವರಿಗೆ ಇದು ಕಾಣಲ್ಲ, ಆದರೂ...’ ಅಂತ ಹೇಳಬೇಕಾಗಿ ಬರುವ ಸ್ಲೈಡನ್ನು ಮನೆಯಲ್ಲೇ ತೆಗೆದುಬಿಡಿ. ಹಾಗೇ ಕೆಂಪು, ಹಸಿರು ಬಣ್ಣಗಳನ್ನಷ್ಟೇ ನೆಚ್ಚಿ ಚಾರ್ಟ್ ಮಾಡಬೇಡಿ. ಇವೆರಡರ ವ್ಯತ್ಯಾಸ ಗೊತ್ತಾಗದವರು ಇರುತ್ತಾರೆ, ಗಂಡಸರಲ್ಲಿ ಜಾಸ್ತಿ.

ಬಾಯಿಬಿಟ್ಟು ಅಭ್ಯಾಸ ಮಾಡಿ

ಮನಸ್ಸಿನಲ್ಲಿ ಓದಿಕೊಂಡರೆ ಎಲ್ಲ ಸಲೀಸು. ಬಾಯಿಬಿಟ್ಟು ಹೇಳಿದಾಗಲೇ ಎಲ್ಲಿ ತಡವರಿಸುತ್ತೇವೆ, ಯಾವ ವಾಕ್ಯ ಸುಮ್ನೆ ಉದ್ದ ಆಗಿದೆ ಅಂತ ತಿಳಿಯುವುದು. ಎದ್ದು ನಿಂತು, ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ಒಮ್ಮೆ ಪೂರ್ತಿ ಹೇಳಿ. ಕೇಳಿಸಿಕೊಳ್ಳಲು ಮುಜುಗರವಾಗುತ್ತೆ, ಆದರೂ ಕೇಳಿ. ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠ ಆಗಿರಲಿ. ಎದೆ ಹೊಡೆದುಕೊಳ್ಳುವುದು ಆರಂಭದಲ್ಲೇ ಜಾಸ್ತಿ, ಅದನ್ನು ದಾಟಿಸಲು ಅಷ್ಟು ಸಾಕು. 20 ನಿಮಿಷ ಕೊಟ್ಟಿದ್ದರೆ 15ಕ್ಕೆ ಮುಗಿಯುವಂತೆ ತಯಾರಾಗಿ. ಜೊತೆಗೆ ಮೂರೇ ನಿಮಿಷದ ಒಂದು ರೂಪವೂ ತಲೆಯಲ್ಲಿರಲಿ. ಅವತ್ತು ನನ್ನ ಹತ್ತಿರ ಇಲ್ಲದೇ ಹೋಗಿದ್ದು ಅದೇ.

ಕೋಣೆಗೆ ಹೋದ ಮೇಲೆ

ಹತ್ತು ನಿಮಿಷ ಮೊದಲೇ ಹೋಗಿ ಕೇಬಲ್ ಹಾಕಿ ನೋಡಿ. ವಿಂಡೋಸ್‌ನಲ್ಲಿ ಪ್ರೊಜೆಕ್ಟರಿಗೆ ಚಿತ್ರ ಹೋಗದಿದ್ದರೆ ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿ. ನೋಟಿಫಿಕೇಶನ್‌ಗಳನ್ನು ಆಫ್ ಮಾಡಿ. ಒಂದು ಪಿಡಿಎಫ್ ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ. ಆನ್‌ಲೈನ್ ಮೀಟಿಂಗ್ ಆದರೆ ಇಡೀ ಸ್ಕ್ರೀನ್ ಬದಲು ಸ್ಲೈಡಿನ ವಿಂಡೋ ಮಾತ್ರ ಶೇರ್ ಮಾಡಿ.

ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ನಡೆಯುವಾಗ ‘ಬಿ’ ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ವಾಪಸ್ ಬರುತ್ತದೆ. ಒಮ್ಮೆ ಮಾಡಿ ನೋಡಿ. ಗೋಡೆ ನೋಡುತ್ತಿದ್ದವರೆಲ್ಲ ನಿಮ್ಮ ಕಡೆ ತಿರುಗುತ್ತಾರೆ. ತುಂಬಾ ಮುಖ್ಯವಾದ ಒಂದು ಮಾತಿಗೆ ಇದನ್ನು ಉಳಿಸಿಕೊಳ್ಳಿ. ಯಾರಾದರೂ ‘ಆ ಒಂಬತ್ತನೇ ಸ್ಲೈಡ್ ತೋರಿಸಿ’ ಅಂದರೆ ಹಿಂದಕ್ಕೆ ಒತ್ತುತ್ತಾ ಕೂರಬೇಕಿಲ್ಲ. 9 ಒತ್ತಿ ಎಂಟರ್ ಒತ್ತಿದರೆ ಆಯಿತು.

ಪ್ರಶ್ನೆಗಳ ಹೊತ್ತು

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಶುರು ಮಾಡಬೇಡಿ. ಪೂರ್ತಿ ಕೇಳಿ, ಒಂದು ಉಸಿರು ತೆಗೆದುಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಅಂದಾಜಿಗೆ ಏನೋ ಹೇಳಬೇಡಿ. ‘ಸರ್, ಈ ಸಂಖ್ಯೆ ನನ್ನ ಹತ್ತಿರ ಈಗ ಇಲ್ಲ, ಸಂಜೆಯೊಳಗೆ ಮೇಲ್ ಮಾಡ್ತೀನಿ’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ ಅಲ್ವಾ? ಸಂಜೆಯೊಳಗೆ ಕಳಿಸಿ, ಅಷ್ಟೇ.

ಇನ್ನೊಂದು ವಿಷಯ, ‘ಧನ್ಯವಾದ’ ಅಂತ ದೊಡ್ಡದಾಗಿ ಬರೆದ ಸ್ಲೈಡ್. ಅದನ್ನು ತೆಗೆಯಿರಿ. ಪ್ರಶ್ನೋತ್ತರ ನಡೆಯುವಷ್ಟೂ ಹೊತ್ತು ಪರದೆಯ ಮೇಲೆ ಉಳಿಯುವುದು ಕೊನೆಯ ಸ್ಲೈಡೇ. ಧನ್ಯವಾದವನ್ನು ಬಾಯಲ್ಲಿ ಹೇಳಿ. ಹಾಳೆಯ ಮೇಲೆ ಬರೆದಿಟ್ಟುಕೊಂಡ ಆ ಮೊದಲ ವಾಕ್ಯವನ್ನು ಅಲ್ಲಿ ಹಾಕಿ. ಎಲ್ಲರೂ ಕುರ್ಚಿ ಬಿಟ್ಟು ಏಳುವವರೆಗೆ ಅದು ಅಲ್ಲೇ ಕಾಣುತ್ತಿರಲಿ.