ಆತ್ಮರಕ್ಷಣಾ ತರಬೇತಿಗೆ ಸೇರುವ ಮುನ್ನ
ಹಣ ಕಟ್ಟುವ ಮೊದಲು ಒಂದು ದಿನ ತರಗತಿಯನ್ನು ಕುಳಿತು ನೋಡಿ; ಜೊತೆಗಾರ ಪ್ರತಿರೋಧವನ್ನೇ ಒಡ್ಡದೆ ಬೀಳುತ್ತಿದ್ದರೆ, ಅಲ್ಲಿ ಕಲಿತ ಪಟ್ಟುಗಳು ನಿಜವಾದ ಹಲ್ಲೆಯ ಹೊತ್ತಿಗೆ ನೆರವಿಗೆ ಬರುವುದು ಕಷ್ಟ. 1882ರಲ್ಲಿ ಜೂಡೋವನ್ನು ಆರಂಭಿಸಿದ ಕಾನೊ ಜಿಗೊರೊ ಅವರು ರಾಂದೊರಿ ಎಂಬ ಮುಕ್ತ ಸೆಣಸಾಟಕ್ಕೆ ಎಷ್ಟು ಮಹತ್ವ ಕೊಟ್ಟಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಭಯವಾದಾಗ ಅಡ್ರಿನಲಿನ್ ಏರಿ ಎದೆಬಡಿತ ಹೆಚ್ಚುತ್ತದೆ, ನೋಟ ಕಿರಿದಾಗುತ್ತದೆ, ಬೆರಳುಗಳ ಸೂಕ್ಷ್ಮ ಹಿಡಿತ ತಪ್ಪುತ್ತದೆ. ಆದ್ದರಿಂದ ನೂರು ಪಟ್ಟುಗಳಿಗಿಂತ, ಒತ್ತಡದಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿದ ನಾಲ್ಕೈದು ಸರಳ ಚಲನೆಗಳೇ ಮೇಲು. ಅಂತರ ಕಾಯ್ದುಕೊಳ್ಳುವುದನ್ನು, ಮಾತಿನಿಂದ ಜಗಳ ತಣಿಸುವುದನ್ನು, ಅವಕಾಶ ಸಿಕ್ಕೊಡನೆ ಓಡುವುದನ್ನು ಕಲಿಸದ ಶಿಕ್ಷಕರನ್ನು ನಾನಂತೂ ನಂಬುವುದಿಲ್ಲ. ಬರಿಗೈಯಲ್ಲಿ ಚಾಕು ಕಿತ್ತುಕೊಳ್ಳುವುದು ಸುಲಭವೆಂದು ಭರವಸೆ ಕೊಡುವವರಿಂದ ದಯವಿಟ್ಟು ದೂರವಿರಿ. ಹಳೆಯ ಗಾಯ ಅಥವಾ ಹೃದಯದ ತೊಂದರೆಯಿದ್ದರೆ ಮೊದಲೇ ತಿಳಿಸಿ.