ಸಕ್ಕರೆ ಕಮ್ಮಿ, ಕಾಯೋದು ಜಾಸ್ತಿ: ಮನೆಯಲ್ಲೇ ದ್ರಾಕ್ಷಿ ವೈನ್

ಮಡಿಕೇರಿ ಪೇಟೆಯಲ್ಲಿ ಹೋಂಮೇಡ್ ವೈನ್ ಬಾಟಲಿಗಳಿಗೆ ಬರವಿಲ್ಲ. ಶುಂಠಿ, ವೀಳ್ಯದೆಲೆ, ಗಾಂಧಾರಿ ಮೆಣಸು, ಏನು ಬೇಕಾದರೂ ಇದೆ. ಆದರೆ ಯಾವುದನ್ನು ಕುಡಿದರೂ ನಾಲಿಗೆಗೆ ಮೊದಲು ಸಿಗುವುದು ಸಕ್ಕರೆ. ನಮ್ಮ ದೊಡ್ಡಮ್ಮನ ಲೆಕ್ಕವೂ ಅದೇ: ಕೆ.ಜಿ. ದ್ರಾಕ್ಷಿಗೆ ಕೆ.ಜಿ. ಸಕ್ಕರೆ, ಒಂದು ಹಿಡಿ ಗೋಧಿ, ಬಣ್ಣಕ್ಕೆ ಸುಟ್ಟ ಸಕ್ಕರೆ. ಅದು ಪಾನಕದ ಅಣ್ಣ ಅಂತ ನನ್ನ ವಾದ.

ನನಗೆ ಹಿಡಿಸಿದ್ದು ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದಲ್ಲಿ ವೈನ್ ಮಾಡುವ ಹ್ಯೂಗೆಲ್ ಮನೆತನದ ದಾರಿ. ರಿಕ್‌ವೀರ್ ಎಂಬ ಪುಟ್ಟ ಊರಲ್ಲಿ 1639ರಿಂದ ಅದೇ ಕುಟುಂಬ ಇದೆ. 1871ರಲ್ಲಿ ಆ ಊರು ಜರ್ಮನಿಗೆ ಹೋಯಿತು, ಮೊದಲ ಮಹಾಯುದ್ಧ ಮುಗಿದಾಗ ಫ್ರಾನ್ಸಿಗೆ ಬಂತು, 1940ರಲ್ಲಿ ಮತ್ತೆ ಜರ್ಮನಿ, 1945ರಲ್ಲಿ ಮತ್ತೆ ಫ್ರಾನ್ಸ್. ಇಷ್ಟರ ಮಧ್ಯೆಯೂ 1715ರ ಒಂದು ಓಕ್ ಪೀಪಾಯಿ ಅವರ ನೆಲಮಾಳಿಗೆಯಲ್ಲಿ ಉಳಿದುಕೊಂಡಿದೆ, ಇವತ್ತಿಗೂ ಕೆಲಸದಲ್ಲಿದೆ. ಅವರು ಹಣ್ಣನ್ನು ಕೈಯಿಂದಲೇ ಕೊಯ್ಯುತ್ತಾರೆ, ಹುದುಗಿಸಿದ ಮೇಲೆ ಚಳಿಗಾಲವಿಡೀ ಸುಮ್ನೆ ಬಿಟ್ಟು ತಾನಾಗಿ ತಿಳಿಯಾಗಲು ಬಿಡುತ್ತಾರೆ. ಸಿಹಿ ವೈನ್ ಬೇಕಾದರೆ ಗೊಂಚಲನ್ನು ಬಳ್ಳಿಯಲ್ಲೇ ಬಿಟ್ಟು ತಡವಾಗಿ ಕೊಯ್ಯುತ್ತಾರೆ. ಅಲ್ಸಾಸ್‌ನಲ್ಲಿ ಇಂಥ ತಡಕೊಯ್ಲಿನ ವೈನ್‌ಗೆ 1984ರಲ್ಲಿ ಕಾನೂನೇ ಬಂತು. ಅದರ ಹಿಂದೆಯೂ ಈ ಮನೆಯವರ ಕೈಯಿದೆ.

ನಮ್ಮ ಮಳೆಗೆ ಕೊಡಗಿನಲ್ಲಿ ದ್ರಾಕ್ಷಿ ಬೆಳೆಯುವ ಮಾತಿಲ್ಲ. ಸಂತೆಯಲ್ಲಿ ಸಿಗುವುದು ಬಯಲುಸೀಮೆಯಿಂದ ಬರುವ ಬೆಂಗಳೂರು ಬ್ಲೂ, ಬೀಜದ ಕಪ್ಪು ದ್ರಾಕ್ಷಿ. ಇದು ಅಮೆರಿಕನ್ ರಕ್ತದ ಬಳ್ಳಿ. ಇದರ ತೀರಾ ಹತ್ತಿರದ ನೆಂಟ ಇಸಬೆಲ್ಲಾ ತಳಿಯ ವೈನನ್ನು ಫ್ರಾನ್ಸ್ 1930ರ ದಶಕದಲ್ಲಿ ನಿಷೇಧಿಸಿತ್ತು! ಇರಲಿ, ಆ ಘಾಟು ಪರಿಮಳ ನನಗಿಷ್ಟ.

5 ಕೆ.ಜಿ. ತೆಗೆದುಕೊಳ್ಳಿ. ಮಾಗಿದ್ದಿರಬೇಕು, ಒಡೆದದ್ದು, ಬೂಸ್ಟು ಬಂದದ್ದು ಒಂದೂ ಬೇಡ. ತೊಳೆದು, ಬಟ್ಟೆಯ ಮೇಲೆ ಹರಡಿ, ನೀರು ಪೂರ್ತಿ ಆರಿಸಿ. ತೊಟ್ಟು ಬಿಡಿಸಿ ಕೈಯಲ್ಲೇ ಹಿಸುಕಿ. ಮಿಕ್ಸಿ ಬೇಡ, ಬೀಜ ಒಡೆದರೆ ಕಹಿ. ಅಲ್ಸಾಸ್‌ನವರದ್ದು ಹೆಚ್ಚಾಗಿ ಬಿಳಿ ವೈನ್, ಅದಕ್ಕೆ ಬರೀ ರಸ ಸಾಕು. ನಮಗೆ ಬಣ್ಣ ಬೇಕು, ಅದು ಇರುವುದು ಸಿಪ್ಪೆಯಲ್ಲಿ. ಹಾಗಾಗಿ ಸಿಪ್ಪೆ, ರಸ ಒಟ್ಟಿಗೇ ಭರಣಿಗೆ. ಮುಕ್ಕಾಲು ಭಾಗ ಮಾತ್ರ ತುಂಬಿಸಿ. ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಹತ್ತಿರವೂ ತರಬೇಡಿ.

ಈಗ ಸಕ್ಕರೆ. ಫ್ರೆಂಚರೂ ಹಾಕುತ್ತಾರೆ. ನೆಪೋಲಿಯನ್‌ನ ಮಂತ್ರಿ ಶಾಪ್ತಾಲ್ 1801ರಲ್ಲೇ ಇದರ ಬಗ್ಗೆ ಬರೆದಿದ್ದ. ಅವರು ಹಾಕುವುದು ಸಿಹಿಗಲ್ಲ, ಆಲ್ಕೋಹಾಲ್ ಏರಿಸಲು. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಆಲ್ಕೋಹಾಲ್. 5 ಕೆ.ಜಿ. ಹಣ್ಣಿಗೆ ಹೆಚ್ಚೂಕಮ್ಮಿ ಮೂರೂವರೆ ಲೀಟರ್ ರಸ. 300 ಗ್ರಾಂ ಸಕ್ಕರೆ ಧಾರಾಳ ಸಾಕು. “ಇಷ್ಟೇನಾ?” ಅಂತ ಮನೆಯಲ್ಲಿ ಕೇಳೇ ಕೇಳುತ್ತಾರೆ. ಸಿಹಿ ಬೇಕಾದವರು ಆಮೇಲೆ ತಮ್ಮ ಲೋಟಕ್ಕೆ ಹಾಕಿಕೊಳ್ಳಲಿ.

ವೈನ್ ಯೀಸ್ಟ್ ಸಿಕ್ಕರೆ ಒಂದು ಗ್ರಾಂ, ಇಲ್ಲದಿದ್ದರೆ ಬ್ರೆಡ್ಡಿನ ಯೀಸ್ಟ್ ಅರ್ಧ ಚಮಚ. ಉಗುರುಬೆಚ್ಚಗಿನ ನೀರಲ್ಲಿ ಕಾಲು ಗಂಟೆ ನೆನೆಸಿ ಸೇರಿಸಿ. ಬಾಯಿಗೆ ಬಟ್ಟೆ ಕಟ್ಟಿ. ಮಾರನೇ ದಿನಕ್ಕೆ ಸಿಪ್ಪೆಯೆಲ್ಲ ಮೇಲೆದ್ದು ಗಟ್ಟಿ ಪದರ ಕಟ್ಟುತ್ತದೆ, ಕಿವಿ ಕೊಟ್ಟರೆ ಸುಯ್ ಎನ್ನುತ್ತದೆ. ಅದನ್ನು ಒಣಗಿದ ಮರದ ಸೌಟಿನಲ್ಲಿ ದಿನಕ್ಕೆರಡು ಸಲ ಒಳಗೆ ಒತ್ತಬೇಕು. ಮರೆತರೆ ಮೇಲೆ ಬೂಸ್ಟು, ಆಮೇಲೆ ವಿನಿಗರ್. ಕಾಫಿ ಹಣ್ಣು ಪಲ್ಪ್ ಮಾಡಿ ತೊಟ್ಟಿಯಲ್ಲಿ ಹುದುಗಿಸಿದವರಿಗೆ ಈ ವಾಸನೆ ಹೊಸದೇನಲ್ಲ.

ಆರೇಳು ದಿನಕ್ಕೆ ಸದ್ದು ಇಳಿಯುತ್ತದೆ. ಬಟ್ಟೆಯಲ್ಲಿ ಸೋಸಿ ಹಿಂಡಿ, ಗಾಜಿನ ಜಾರಿಗೆ ಕುತ್ತಿಗೆವರೆಗೆ ತುಂಬಿಸಿ. ಮುಚ್ಚಳಕ್ಕೆ ಸಣ್ಣ ಪೈಪ್ ಸಿಕ್ಕಿಸಿ, ಸುತ್ತ ಸಂದಿ ಉಳಿಯದಂತೆ ಮೇಣ ಹಚ್ಚಿ, ಪೈಪಿನ ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಅದ್ದಿಡಿ. ಗ್ಯಾಸ್ ಹೊರಹೋಗುತ್ತದೆ, ಗಾಳಿ ಒಳಬರಲ್ಲ. ಬಿಗಿಯಾಗಿ ಮುಚ್ಚಿದರೆ ಜಾರು ಸಿಡಿಯುತ್ತದೆ, ಇದು ತಮಾಷೆಯ ಮಾತಲ್ಲ.

ತಿಂಗಳಾದ ಮೇಲೆ ತಳದಲ್ಲಿ ಗಸಿ ನಿಂತಿರುತ್ತದೆ. ಅಲುಗಾಡಿಸದೆ, ಪೈಪಿನಿಂದ ಮೇಲಿನ ತಿಳಿ ಮಾತ್ರ ಇಳಿಸಿ. ಆಮೇಲೆ ಮುಟ್ಟಬೇಡಿ. ಇಲ್ಲೇ ಎಲ್ಲರೂ ಸೋಲುವುದು, ವಾರಕ್ಕೊಮ್ಮೆ ರುಚಿ ನೋಡಿ ಮುಗಿಸಿಬಿಡುತ್ತಾರೆ. ಡಿಸೆಂಬರ್‌ನಲ್ಲಿ ಹಾಕಿದ್ದನ್ನು ಏಪ್ರಿಲ್‌ನಲ್ಲಿ ಬಾಟಲಿಗೆ ತುಂಬಿಸಿ, ಗುಳ್ಳೆ ಪೂರ್ತಿ ನಿಂತಿದ್ದರೆ ಮಾತ್ರ. ಜಡಿಮಳೆ ಹಿಡಿದಾಗ ಪಂದಿ ಕರಿಯ ಜೊತೆ ತೆಗೆಯಿರಿ. ಹುಳಿ ಮುಂದಿರುತ್ತದೆ, ಕೊಬ್ಬಿಗೆ ಸರಿಹೊಂದುತ್ತದೆ.

ಹಿಂಡಿದ ಸಿಪ್ಪೆಯಿಂದ ಅಲ್ಸಾಸ್‌ನಲ್ಲಿ ಮಾರ್ ಅನ್ನುವ ಸಾರಾಯಿ ಇಳಿಸುತ್ತಾರೆ. ನಮ್ಮಲ್ಲಿ ಅದು ಅಬಕಾರಿಯವರನ್ನು ಮನೆಗೆ ಕರೆದ ಹಾಗೆ. ಸುಮ್ನೆ ಗೊಬ್ಬರದ ಗುಂಡಿಗೆ ಹಾಕಿ.